ಜ್ವರ ಬಂದಿತ್ತಾ ಅಂತ ಕೇಳಿ

ಮೊನ್ನೆ ಭಾನುವಾರ ಮಂಡ್ಯದಲ್ಲಿ ಒಂದು ಗೃಹಪ್ರವೇಶದ ಊಟಕ್ಕೆ ಹೋಗಿದ್ದೆ. ಎಲೆ ಹಾಕಿದ್ದರು. ಕೋಸಂಬರಿ, ಪಲ್ಯ ಬಂದಿತ್ತು. ಒಬ್ಬಟ್ಟು ಬಡಿಸುತ್ತಾ ನಮ್ಮ ಸಾಲಿಗೆ ಬರುತ್ತಿದ್ದರು. ಪಕ್ಕದಲ್ಲಿ ವರಸೆಯಲ್ಲಿ ದೊಡ್ಡಮ್ಮ ಆಗಬೇಕಾದವರು ಕೂತಿದ್ದರು. ಅವರು ಆಚೆ ಕಡೆಯವರಿಗೆ ಒಂದು ಹುಡುಗಿಯ ವಿಷಯ ಹೇಳುತ್ತಿದ್ದರು. ಮದ್ದೂರು ಕಡೆಯವಳಂತೆ. ಡಿಗ್ರಿ ಎರಡನೇ ವರ್ಷ. ಹತ್ತು ದಿನದಿಂದ ನಿದ್ದೆ ಇಲ್ಲ, ಒಂದೇ ಸಮನೆ ಮಾತು, ಕಿರುಚಾಟ. ಈಗ ಎರಡು ದಿನದಿಂದ ಮಾತೇ ನಿಂತುಹೋಗಿ ಗೋಡೆ ನೋಡಿಕೊಂಡು ಕೂತಿರುತ್ತಾಳಂತೆ.

"ಯಾವನ್ನೋ ಇಷ್ಟಪಟ್ಟಿದ್ಲಂತೆ ಕಣವ್ವ. ಅವ್ನು ಕೈಕೊಟ್ಟವ್ನೆ. ಇನ್ನೇನಿರ್ತದೆ?"

ಊಟದ ಮಧ್ಯೆ ಎಲೆ ಬಿಟ್ಟು ಏಳಬಾರದು ಅಂತ ನಮ್ಮಮ್ಮ ಹೇಳಿಕೊಟ್ಟಿದ್ದಾರೆ. ನಾನು ಎದ್ದೆ. ಕೈ ತೊಳೆದುಕೊಂಡು ಮನೆಯವರ ಹತ್ತಿರ ಆ ಹುಡುಗಿಯ ಸೋದರಮಾವನ ನಂಬರ್ ಇಸಕೊಂಡೆ. ದೊಡ್ಡಮ್ಮನಿಗೆ ಬೇಜಾರಾಗಿದೆ ಅಂತ ಆಮೇಲೆ ಗೊತ್ತಾಯಿತು. ಆಗಲಿ. ಆ ಮಾತು ಕೇಳಿಕೊಂಡು ಒಬ್ಬಟ್ಟು ತಿನ್ನಲು ನನ್ನಿಂದ ಆಗುತ್ತಿರಲಿಲ್ಲ.

ನನ್ನ ತಂಗಿ, ನಮ್ಮ ಪುಟ್ಟಿಯ ವಿಷಯ ನಿಮ್ಮಲ್ಲಿ ಹಲವರಿಗೆ ಗೊತ್ತು. ಪೂರ್ತಿ ಗೊತ್ತಿರುವವರು ಕಡಿಮೆ. ಅವಳನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.

2019ರ ಶ್ರಾವಣ. ಅವಳಿಗೆ ಆಗ ಹತ್ತೊಂಬತ್ತು. ಮೈಸೂರಿನಲ್ಲಿ ಬಿಎಸ್ಸಿ ಓದುತ್ತಿದ್ದಳು. ಮೊದಲು ಮೂರು ದಿನ ತಲೆನೋವು, ಸಣ್ಣ ಜ್ವರ. ಡೋಲೋ ಕೊಟ್ಟೆವು, ಇಳಿಯಿತು. ಒಂದು ವಾರದ ಮೇಲೆ ನಿದ್ದೆ ಬಿಟ್ಟಳು. ರಾತ್ರಿ ಎರಡು ಗಂಟೆಗೆ ಎದ್ದು ಅಡುಗೆಮನೆಯ ಡಬ್ಬಗಳನ್ನೆಲ್ಲ ಕೆಳಗೆ ಇಳಿಸಿ ಸಾಲಾಗಿ ಜೋಡಿಸಿದಳು. ಪಕ್ಕದ ಮನೆಯವರು ಗೋಡೆಗೆ ಕಿವಿ ಇಟ್ಟಿದ್ದಾರೆ ಅಂದಳು. ಅಪ್ಪನನ್ನು ನೋಡಿ "ಇವರು ಯಾರು?" ಅಂದಳು. ಆಮೇಲೆ ಮಾತು ಕಡಿಮೆಯಾಯಿತು. ಕೇಳಿದ್ದನ್ನೇ ತಿರುಗಿ ಹೇಳುವಳು. ಕೊನೆಗೆ ಅದೂ ನಿಂತಿತು. ಬಾಯಿ ಮಾತ್ರ ಏನೋ ಅಗಿಯುತ್ತಿರುವ ಹಾಗೆ ಸದಾ ಆಡುತ್ತಿತ್ತು. ಕೈ ಗಾಳಿಯಲ್ಲಿ ಹೂ ಕಟ್ಟುವ ಹಾಗೆ ಆಡುತ್ತಿತ್ತು. ಅಮ್ಮ ಅದನ್ನು ನೋಡಿ ಒಳಗೆ ಹೋಗಿ ಅಳುತ್ತಿದ್ದರು.

ಈ ದಿನಗಳಲ್ಲಿ ನಮ್ಮ ಮನೆಗೆ ಬಂದವರೆಲ್ಲ ಕೇಳಿದ ಪ್ರಶ್ನೆ ಒಂದೇ. "ಲವ್ ಏನಾದ್ರೂ ಇತ್ತಾ?"

ಅತ್ತೆ ಕೇಳಿದರು. ಕೆಳಗಿನ ಮನೆಯವರು ಕೇಳಿದರು. ಪಾಂಡವಪುರದ ಕಡೆ ನಮ್ಮ ಊರಿನಿಂದ ಬಂದ ದೊಡ್ಡಪ್ಪ ನೇರವಾಗಿ ಕೇಳಲಿಲ್ಲ, "ಕಾಲೇಜಿಗೆ ಯಾರ ಜೊತೆ ಹೋಯ್ತಿದ್ಲು?" ಅಂದರು. ತಡೆ ಒಡೆಸಲು ಕರೆದುಕೊಂಡು ಹೋದ ಕಡೆಯಲ್ಲಿ ನಿಂಬೆಹಣ್ಣು ಮಂತ್ರಿಸಿಕೊಟ್ಟವನೂ ಅದನ್ನೇ ಕೇಳಿದ. ಅದೂ ಹೋಗಲಿ. ನಾವು ಮೊದಲು ಸೇರಿಸಿದ ನರ್ಸಿಂಗ್ ಹೋಮಿನಲ್ಲಿ ಎಂಆರ್‌ಐ ಮಾಡಿಸಿ, ಫಿಲಂ ಬೆಳಕಿಗೆ ಹಿಡಿದು, "ಬ್ರೈನಲ್ಲಿ ಏನೂ ಇಲ್ಲ. ನಾರ್ಮಲ್" ಅಂದ ಡಾಕ್ಟರು ಬಾಗಿಲು ಹಾಕಿಸಿ ನನ್ನನ್ನು ಕೇಳಿದ್ದೂ ಅದನ್ನೇ. ಓದಿದವರು, ಓದದವರು ಎಲ್ಲರೂ ಒಂದೇ ಜಾಗಕ್ಕೆ ಬಂದು ನಿಂತರು. ಹುಡುಗಿಯ ತಲೆ ಕೆಟ್ಟಿದೆ ಅಂದರೆ ಅದರ ಹಿಂದೆ ಒಬ್ಬ ಹುಡುಗ ಇರಲೇಬೇಕು!

ಹುಡುಗರಿಗೂ ಬೇರೆ ಪ್ರಶ್ನೆ ರೆಡಿ ಇದೆ. "ಗಾಂಜಾ ಹೊಡೀತಿದ್ನಾ?"

ನಾನು ಇಷ್ಟೆಲ್ಲ ಕೂಗಾಡುತ್ತಿದ್ದೇನಲ್ಲ, ನಾನೇನು ಮಾಡಿದೆ ಅಂತ ಹೇಳಿಬಿಡುತ್ತೇನೆ. ಆ ವಾರದಲ್ಲಿ ಒಂದು ರಾತ್ರಿ ಎಲ್ಲರೂ ಮಲಗಿದ ಮೇಲೆ ಪುಟ್ಟಿಯ ಫೋನ್ ತೆಗೆದುಕೊಂಡೆ. ಅವಳು ಕಣ್ಣು ಬಿಟ್ಟುಕೊಂಡು ಸೂರು ನೋಡುತ್ತಾ ಮಲಗಿದ್ದಳು. ಅವಳ ಬೆರಳು ಹಿಡಿದು ಒತ್ತಿ ಲಾಕ್ ತೆಗೆದೆ. ಅವಳು ಕೈ ಎಳೆದುಕೊಳ್ಳಲೂ ಇಲ್ಲ. ಬೆಳಗಿನ ಜಾವದವರೆಗೆ ಅವಳ ಮೆಸೇಜುಗಳನ್ನೆಲ್ಲ ಓದಿದೆ. ಮಾರನೇ ರಾತ್ರಿಯೂ ಓದಿದೆ. ಒಬ್ಬ ಹುಡುಗನಿಗಾಗಿ ಹುಡುಕಿದೆ. ಸಿಕ್ಕಿದ್ದು ಕೆಮಿಸ್ಟ್ರಿ ನೋಟ್ಸಿನ ಫೋಟೋಗಳು, ಗೆಳತಿಯರ ಹುಟ್ಟುಹಬ್ಬದ ಲೆಕ್ಕ, ನನಗೆ ಕಳಿಸಿದ್ದ ಒಂದು ಮೆಸೇಜು: "ಅಕ್ಕ ತಲೆ ತುಂಬಾ ನೋಯ್ತಿದೆ, ಬೇಗ ಬಾ." ಆ ಮೆಸೇಜನ್ನು ನಾನು ಬಂದ ದಿನವೇ ಓದಿದ್ದೆ. ತಲೆನೋವು ತಾನೇ ಅಂದುಕೊಂಡಿದ್ದೆ. ಅವಳು ಹುಷಾರಾದ ಮೇಲೆ ಇದನ್ನು ಅವಳಿಗೆ ಹೇಳಿ ಕ್ಷಮೆ ಕೇಳಿದ್ದೇನೆ. ನನಗೆ ಇನ್ನೂ ಸಮಾಧಾನ ಆಗಿಲ್ಲ.

ಆ ನರ್ಸಿಂಗ್ ಹೋಮಿನಲ್ಲಿ ಕೊಟ್ಟ ಮಾತ್ರೆಗೆ ಅವಳ ಮೈ ಮರದ ಕೊರಡಿನ ಹಾಗೆ ಬಿಗಿದುಕೊಂಡಿತು. ಆಗ ಯಾರೋ ಹೇಳಿದರು ಅಂತ ಮೈಸೂರಿನಲ್ಲೇ ಒಬ್ಬ ಹಿರಿಯ ಮನೋವೈದ್ಯರ ಹತ್ತಿರ ಹೋದೆವು. ಅವರು ಅವಳ ಬಾಯಿಯ ಆಟವನ್ನು ಐದು ನಿಮಿಷ ಸುಮ್ಮನೆ ಕೂತು ನೋಡಿದರು. ಕೈ ಎತ್ತಿ ಬಿಟ್ಟರು. ಎತ್ತಿದ ಕೈ ಹಾಗೇ ಗಾಳಿಯಲ್ಲಿ ನಿಂತಿತು. ಆಮೇಲೆ ಕೇಳಿದರು: "ಇದಕ್ಕೆ ಮುಂಚೆ ಜ್ವರ ಬಂದಿತ್ತಾ?"

ಹದಿನಾಲ್ಕು ದಿನದಲ್ಲಿ ಆ ಪ್ರಶ್ನೆ ಕೇಳಿದ ಮೊದಲ ಮನುಷ್ಯ ಅವರು. "ಫಿಟ್ಸ್ ಬಂತಾ? ನಿದ್ದೆ ಯಾವತ್ತಿಂದ ಇಲ್ಲ?" ಅಷ್ಟೇ. ಹುಡುಗನ ವಿಷಯವೇ ಇಲ್ಲ. "ಇದು ಮೆದುಳಿನ ಉರಿಯೂತ ಇರಬಹುದು, ಇವತ್ತೇ ಬೆಂಗಳೂರಿಗೆ ಹೊರಡಿ" ಅಂತ ಚೀಟಿ ಬರೆದುಕೊಟ್ಟರು. ನರರೋಗ ತಜ್ಞರು ಒಳ್ಳೆಯವರು, ಮನೋವೈದ್ಯರು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ ಅನ್ನುವುದಕ್ಕೆ ಇದನ್ನು ಬರೆದೆ. ನಮ್ಮ ಪುಟ್ಟಿಯನ್ನು ಉಳಿಸಿದ್ದು ಒಬ್ಬ ಮನೋವೈದ್ಯರ ಕಣ್ಣು.

ಕಾಯಿಲೆಯ ಹೆಸರು ಆಂಟಿ ಎನ್‌ಎಂಡಿಎ ರಿಸೆಪ್ಟರ್ ಎನ್ಸೆಫಲೈಟಿಸ್. ಹೆಸರು ಉದ್ದ ಇದೆ, ವಿಷಯ ಕಷ್ಟದ್ದಲ್ಲ. ನಮ್ಮ ಮೈಯನ್ನು ಕಾಯಬೇಕಾದ ರೋಗನಿರೋಧಕ ಶಕ್ತಿ ದಾರಿ ತಪ್ಪಿ ನಮ್ಮ ಮೆದುಳಿನ ಮೇಲೇ ಬೀಳುತ್ತದೆ. ನರಕೋಶಗಳು ಒಂದರ ಜೊತೆ ಒಂದು ಮಾತಾಡುವ ಜಾಗದಲ್ಲಿ ಎನ್‌ಎಂಡಿಎ ರಿಸೆಪ್ಟರ್ ಅನ್ನುವ ಬಾಗಿಲಿನಂಥ ಪ್ರೋಟೀನುಗಳಿರುತ್ತವೆ. ರೋಗದ ವಿರುದ್ಧ ಹೋರಾಡಲು ಮೈ ತಯಾರಿಸುವ ಪ್ರತಿಕಾಯಗಳು (ಆಂಟಿಬಾಡಿ) ಅವಕ್ಕೆ ಅಂಟಿಕೊಳ್ಳುತ್ತವೆ. ಕೋಶ ಆ ಬಾಗಿಲನ್ನು ಒಳಕ್ಕೆ ಎಳೆದುಕೊಂಡುಬಿಡುತ್ತದೆ. ಬಾಗಿಲು ಕಡಿಮೆಯಾದಂತೆ ನೆನಪು, ಮಾತು, ನಿದ್ದೆ, ಬುದ್ಧಿ ಎಲ್ಲ ಕಲಕಿಹೋಗುತ್ತದೆ. ಪ್ರತಿಕಾಯಗಳನ್ನು ತೆಗೆದರೆ ಬಾಗಿಲುಗಳು ನಿಧಾನವಾಗಿ ವಾಪಸ್ ಬರುತ್ತವೆ. ಅದಕ್ಕೇ ಇದು ವಾಸಿಯಾಗುವ ಕಾಯಿಲೆ. ಅದಕ್ಕೇ ಒಂದೊಂದು ದಿನವೂ ಲೆಕ್ಕ.

ಈ ಕಾಯಿಲೆಯನ್ನು ಡಾಕ್ಟರ್ ಜೋಸೆಪ್ ಡಾಲ್ಮೌ ಮತ್ತು ಜೊತೆಯವರು ಸರಿಯಾಗಿ ಗುರುತಿಸಿ ಹೇಳಿದ್ದು 2007ರಲ್ಲಿ. ಅಂದರೆ ನಮ್ಮ ಪುಟ್ಟಿ ಆಗಲೇ ಹುಟ್ಟಿ ಶಾಲೆಗೆ ಹೋಗುತ್ತಿದ್ದಳು. ಅದಕ್ಕೆ ಮುಂಚೆ ಹೀಗಾದ ಎಷ್ಟು ಹುಡುಗಿಯರನ್ನು ಗಾಳಿ ಸೋಕಿದೆ ಅಂತ ಕಂಬಕ್ಕೆ ಕಟ್ಟಿದರೋ, ಎಷ್ಟು ಜನ ಮೂಲೆಯ ಕೋಣೆಯಲ್ಲಿ ಸತ್ತರೋ. ನಮ್ಮ ಅಜ್ಜಿಯ ತಂಗಿ ಒಬ್ಬರು ಇದ್ದರಂತೆ. ಮದುವೆಗೆ ಮುಂಚೆ "ತಲೆಕೆಟ್ಟು" ಹೋದರಂತೆ. ಅವರಿಗೆ ಏನಾಗಿತ್ತೋ ಈಗ ಯಾರಿಗೂ ಗೊತ್ತಾಗುವುದಿಲ್ಲ. ಅವರಿಗೂ ಒಬ್ಬ ಹುಡುಗನನ್ನು ಗಂಟುಹಾಕಿದ್ದರು ಅನ್ನುವುದು ಮಾತ್ರ ಮನೆಯಲ್ಲಿ ಎಲ್ಲರಿಗೂ ನೆನಪಿದೆ.

ನಿಮ್ಹಾನ್ಸ್‌ಗೆ ಸೇರಿಸಿದೆವು. "ನಿಮ್ಹಾನ್ಸ್‌ಗೆ ಹಾಕವ್ರಂತೆ" ಅಂತ ಊರೆಲ್ಲ ಸುದ್ದಿ. ನಮ್ಮ ಕಡೆ ಆ ಹೆಸರು ಬಂದರೆ ಹುಚ್ಚಾಸ್ಪತ್ರೆ ಅಂತಲೇ ಅರ್ಥ. ಅದರ ಪೂರ್ತಿ ಹೆಸರಿನಲ್ಲಿ ಮನಸ್ಸು ಎಷ್ಟಿದೆಯೋ ನರವೂ ಅಷ್ಟೇ ಇದೆ. ಪಾರ್ಶ್ವವಾಯು, ಫಿಟ್ಸ್, ಮೆದುಳಿನ ಗೆಡ್ಡೆ ಅಂತ ಬಂದವರು ಅಲ್ಲಿ ಸಾಲುಗಟ್ಟಿ ಕೂತಿರುತ್ತಾರೆ. ಮನಸ್ಸಿನ ಕಾಯಿಲೆಗೆ ಹೋದರೂ ನಾಚಿಕೆಪಡುವಂಥದ್ದೇನಿದೆ?

ಇನ್ನು ಬೆನ್ನಿನ ನೀರು, ಅಂದರೆ ಮೆದುಳು, ಬೆನ್ನುಹುರಿಯ ಸುತ್ತ ಇರುವ ದ್ರವ. ಈ ಕಾಯಿಲೆಯಲ್ಲಿ ಎಂಆರ್‌ಐ ಎಷ್ಟೋ ಜನರಿಗೆ ನಾರ್ಮಲ್ ಬರುತ್ತದೆ. ಹಿಡಿಯುವುದು ಮೆದುಳಿನ ವಿದ್ಯುತ್ ಅಲೆ ನೋಡುವ ಇಇಜಿ ಮತ್ತು ಬೆನ್ನಿನ ನೀರಿನ ಪರೀಕ್ಷೆ. ರಕ್ತದಲ್ಲಿ ಪ್ರತಿಕಾಯ ಸಿಗದೆ ಬೆನ್ನಿನ ನೀರಿನಲ್ಲಿ ಮಾತ್ರ ಸಿಗುವುದೂ ಉಂಟು. ಆದರೆ ನಮ್ಮವರು ಕೇಳಿದ ತಕ್ಷಣ ಬೆಚ್ಚಿಬೀಳುತ್ತಾರೆ. "ಬೆನ್ನಿನ ನೀರು ತೆಗೆಸಿದ್ರೆ ಸೊಂಟ ಬಿದ್ದೋಯ್ತದೆ" ಅಂತ ದೊಡ್ಡಪ್ಪ ಅಪ್ಪನ ಕೈ ಹಿಡಿದುಕೊಂಡರು. ಅಪ್ಪ ಸಹಿ ಹಾಕಲು ಒಂದು ದಿನ ತಡ ಮಾಡಿದರು. ಬೆನ್ನುಹುರಿ ಮುಗಿಯುವುದು ಸೊಂಟಕ್ಕಿಂತ ಮೇಲೆ. ಸೂಜಿ ಹಾಕುವುದು ಅದಕ್ಕಿಂತ ಕೆಳಗೆ. ಒಂದೆರಡು ದಿನ ತಲೆನೋವು ಬರಬಹುದು. ಅಷ್ಟಕ್ಕೆ ಹೆದರಿ ನಾವು ಒಂದು ದಿನ ಕಳೆದೆವು. ಆ ರಾತ್ರಿಯೇ ಅವಳಿಗೆ ಮೊದಲ ಸಲ ಫಿಟ್ಸ್ ಬಂತು.

ಪರೀಕ್ಷೆಯಲ್ಲಿ ಪ್ರತಿಕಾಯ ಸಿಕ್ಕಿತು. ಆಮೇಲೆ ಹೊಟ್ಟೆಯ ಸ್ಕ್ಯಾನ್ ಅಂದರು. ಯಾಕೆ ಅಂದರೆ, ಈ ಕಾಯಿಲೆ ಬಂದ ಹೆಣ್ಣುಮಕ್ಕಳಲ್ಲಿ ಬಹಳ ಜನಕ್ಕೆ ಅಂಡಾಶಯದಲ್ಲಿ ಟೆರಟೋಮಾ ಅನ್ನುವ ಗೆಡ್ಡೆ ಇರುತ್ತದೆ. ಅದರೊಳಗೆ ಕೂದಲು, ಹಲ್ಲು, ನರದ ಅಂಶ ಕೂಡ ಬೆಳೆದಿರುತ್ತದೆ. ಮೈ ಆ ಗೆಡ್ಡೆಯ ಮೇಲೆ ಯುದ್ಧಕ್ಕೆ ಹೊರಟು, ಅದೇ ಗುರುತಿನ ಮೆದುಳಿನ ಮೇಲೂ ಬೀಳುತ್ತದೆ. ಪುಟ್ಟಿಗೆ ಎಡಗಡೆ ಚಿಕ್ಕದೊಂದು ಇತ್ತು. ಹೊಟ್ಟೆಗೆ ಸಣ್ಣ ತೂತು ಹಾಕಿ ಮಾಡುವ ಲ್ಯಾಪ್ರೊಸ್ಕೋಪಿ ಮಾಡಿ ತೆಗೆದರು.

ಊರಿಗೆ ತಲುಪಿದ ಸುದ್ದಿ ಏನು ಗೊತ್ತಾ? "ಹೊಟ್ಟೆ ಸ್ಕ್ಯಾನ್ ಆಯ್ತಂತೆ. ಹೊಟ್ಟೆ ಆಪರೇಷನ್ ಆಯ್ತಂತೆ." ಮೊದಲೇ ಒಬ್ಬ ಹುಡುಗನನ್ನು ಹುಟ್ಟಿಸಿ ಇಟ್ಟಿದ್ದರಲ್ಲ, ಈಗ ಉಳಿದದ್ದನ್ನೂ ಜೋಡಿಸಿಕೊಂಡರು. ಅವಳ ಜೀವ ಉಳಿಸಿದ ಆಪರೇಷನ್ನೇ ಅವಳ ಮೇಲಿನ ಸಾಕ್ಷಿಯಾಯಿತು. ಎರಡು ವರ್ಷದ ಹಿಂದೆ ಗೊತ್ತಾಗುತ್ತಿದ್ದ ಒಂದು ಸಂಬಂಧ ಇದೇ ಮಾತಿನಿಂದ ತಪ್ಪಿಹೋಯಿತು. ಡಿಸ್ಚಾರ್ಜ್ ಚೀಟಿ ತೋರಿಸುತ್ತೇನೆ ಅಂದೆ. ಪುಟ್ಟಿ "ಬೇಡ ಅಕ್ಕ, ನನ್ನ ಹೊಟ್ಟೆಯ ಲೆಕ್ಕ ನಾನು ಯಾರಿಗೂ ಒಪ್ಪಿಸಲ್ಲ" ಅಂದಳು. ಅವಳೇ ಸರಿ.

ಆಪರೇಷನ್ ಜೊತೆಗೆ ಐದು ದಿನ ಸ್ಟೆರಾಯ್ಡ್ ಹನಿಸಿದರು. ಆಮೇಲೆ ದಿನ ಬಿಟ್ಟು ದಿನ ಐದು ಸಲ ಪ್ಲಾಸ್ಮಾ ಬದಲಿಸಿದರು. ರಕ್ತ ಹೊರಗೆ ತೆಗೆದು, ಪ್ರತಿಕಾಯ ಇರುವ ನೀರಿನ ಭಾಗ ಬೇರೆ ಮಾಡಿ, ಕಣಗಳನ್ನು ವಾಪಸ್ ಕೊಡುವುದು. ಮೂರನೇ ಸಲ ಆದ ಮೇಲೆ ಅವಳು ನನ್ನ ಕಡೆ ಕಣ್ಣು ತಿರುಗಿಸಿದಳು. ಆರನೇ ವಾರ "ನೀರು" ಅಂದಳು. ಅಮ್ಮ ಸಂತೋಷಕ್ಕೆ ಅತ್ತು ನೀರು ಕೊಡುವುದನ್ನೇ ಮರೆತರು. ಆಮೇಲೆ ಮೈಸೂರಿಗೆ ಬಂದು ಮಾತಿನ ತರಬೇತಿಗೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ ಆಯಿಷ್‌ಗೆ ತಿಂಗಳುಗಟ್ಟಲೆ ಹೋದೆವು. ಆ ಒಂದೂವರೆ ತಿಂಗಳು ಅವಳಿಗೆ ಇವತ್ತಿಗೂ ನೆನಪಿಲ್ಲ. ಬೇರೆಯವರಿಗೆ ಮಾತ್ರ ಚೆನ್ನಾಗಿ ನೆನಪಿದೆ.

ಇದನ್ನು ಹೇಳಿದಾಗೆಲ್ಲ ಒಂದು ಮಾತು ಬರುತ್ತದೆ. "ಇದು ಅಪರೂಪದ ಕಾಯಿಲೆ ಅಲ್ವಾ? ಬೇಜಾರು, ಪ್ರೇಮಭಂಗ, ಪರೀಕ್ಷೆ ಭಯದಿಂದ ಹೀಗಾಗೋದೇ ಜಾಸ್ತಿ. ಎಲ್ಲರಿಗೂ ಬೆನ್ನಿನ ನೀರು ತೆಗೆಸೋಕಾಗುತ್ತಾ?" ಅಪರೂಪ, ಒಪ್ಪುತ್ತೇನೆ. ಎಲ್ಲರಿಗೂ ತೆಗೆಸಿ ಅಂತ ನಾನೆಲ್ಲಿ ಹೇಳಿದೆ? ಪ್ರೇಮಭಂಗಕ್ಕೆ ಜ್ವರ ಬಂದು ಫಿಟ್ಸ್ ಬರುವುದಿಲ್ಲ. ಪರೀಕ್ಷೆ ಭಯಕ್ಕೆ ಬಾಯಿ ಹಗಲೂ ರಾತ್ರಿ ಅಗಿಯುವುದಿಲ್ಲ. ಚೆನ್ನಾಗಿದ್ದ ಹುಡುಗಿ ಕೆಲವೇ ದಿನ, ವಾರಗಳಲ್ಲಿ ಹೀಗಾದರೆ ಮೊದಲು ಮೆದುಳು ನೋಡಿಸಿ ಅನ್ನುತ್ತಿದ್ದೇನೆ. ಹರಕೆ ಹೊರಬೇಡಿ ಅಂತಲೂ ಅನ್ನುವುದಿಲ್ಲ. ನಮ್ಮಮ್ಮ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತೇನೆ ಅಂತ ಹೊತ್ತುಕೊಂಡಿದ್ದರು, ಪುಟ್ಟಿಯ ಕೈ ಹಿಡಿದು ಹತ್ತಿದರು. ಆಸ್ಪತ್ರೆಯ ದಾರಿಯಲ್ಲಿ ಹರಕೆ ಹೊರಿ. ಹರಕೆ ತೀರಲಿ ಅಂತ ಆಸ್ಪತ್ರೆ ಮುಂದೂಡಬೇಡಿ.

2013ರಲ್ಲಿ ಬಂದ ಒಂದು ದೊಡ್ಡ ಅಧ್ಯಯನದಲ್ಲಿ 501 ರೋಗಿಗಳ ಲೆಕ್ಕ ಇದೆ. ಎರಡು ವರ್ಷದೊಳಗೆ ಅವರಲ್ಲಿ 394 ಜನ ಚೆನ್ನಾಗಿ ಚೇತರಿಸಿಕೊಂಡರು. 30 ಜನ ತೀರಿಕೊಂಡರು. ಬೇಗ ಚಿಕಿತ್ಸೆ ಸಿಕ್ಕವರು ಹೆಚ್ಚು ಚೇತರಿಸಿಕೊಂಡರು. ನಾವು ಹದಿನಾಲ್ಕು ದಿನವನ್ನು ಒಬ್ಬ ಇಲ್ಲದ ಹುಡುಗನನ್ನು ಹುಡುಕುವುದಕ್ಕೆ ಕೊಟ್ಟೆವು.

ರೋಗನಿರೋಧಕ ಶಕ್ತಿ ನಮ್ಮ ಮೈ ಮೇಲೇ ಬೀಳುವ ಈ ಜಾತಿಯ ಬೇರೆ ಕಾಯಿಲೆಗಳಿಗೂ ಇದೇ ಪಾಡು. ನಮ್ಮ ಬೀದಿಯಲ್ಲಿ ಒಬ್ಬರಿಗೆ ಮಯಸ್ತೇನಿಯಾ, ಸ್ನಾಯುಗಳ ಬಲ ಕುಂದುವ ಕಾಯಿಲೆ. ಸಂಜೆಯಾದರೆ ರೆಪ್ಪೆ ಜೋತುಬೀಳುತ್ತದೆ, ಅನ್ನ ಅಗಿಯಲೂ ಆಗುವುದಿಲ್ಲ. ಗೊತ್ತಾಗುವ ತನಕ ಅತ್ತೆಮನೆಯಲ್ಲಿ ಅವರಿಗೆ ಸೋಮಾರಿ ಅಂತ ಹೆಸರು.

ಮದ್ದೂರಿನ ಹುಡುಗಿಯ ಮಾವ ಮೊದಲು ನನ್ನ ಮೇಲೆ ರೇಗಿದರು. "ಅದೇನೋ ಮನೆ ವಿಷ್ಯ, ನಾವು ನೋಡ್ಕೊತೀವಿ" ಅಂದರು. ನಾನು ಬೇರೇನೂ ಹೇಳದೆ, "ಅಣ್ಣ, ಇದಕ್ಕೆ ಮುಂಚೆ ಜ್ವರ ಬಂದಿತ್ತಾ?" ಅಂದೆ. ಆ ಕಡೆ ಸದ್ದಿಲ್ಲ. ಆಮೇಲೆ, "ಬಂದಿತ್ತು. ನಿಮಗೆಂಗೆ ಗೊತ್ತು?" ಅಂದರು.

ಸೋಮವಾರ ಬೆಳಿಗ್ಗೆ ಬೆಂಗಳೂರಿಗೆ ಹೊರಟರು. ಅವಳಿಗೆ ಇದೇ ಕಾಯಿಲೆಯೋ ಬೇರೆಯೋ ನನಗೆ ಗೊತ್ತಿಲ್ಲ, ಅದನ್ನು ಅಲ್ಲಿನವರು ನೋಡುತ್ತಾರೆ. ನಿನ್ನೆ ರಾತ್ರಿ ಅವರೇ ಫೋನ್ ಮಾಡಿದರು. "ಬೆನ್ನಿನ ನೀರು ತೆಗೀಬೇಕು ಅಂತಾವ್ರೆ ಕಣವ್ವ. ಎಲ್ಲಾ ಬೇಡ ಅಂತಾವ್ರೆ. ಸೈನ್ ಮಾಡ್ಲಾ?"

ಪುಟ್ಟಿ ಪಕ್ಕದಲ್ಲೇ ಇದ್ದಳು. ಕೈ ಚಾಚಿ ನನ್ನಿಂದ ಫೋನ್ ತೆಗೆದುಕೊಂಡಳು.

"ಮಾಡಿ ಅಣ್ಣ. ನನಗೂ ತೆಗೆದಿದ್ರು. ನಾನೀಗ ದಿನಾ ಕೆಲಸಕ್ಕೆ ಹೋಗ್ತಿದ್ದೀನಿ."