ಬೆಂಟನ್ ಹಾರ್ಬರ್, ಸೇಂಟ್ ಜೋಸೆಫ್: ದುಡ್ಡಿನ ಅಂತರ ಮಾತ್ರ ಅಲ್ಲ

ಅಮೆರಿಕದ ಮಿಷಿಗನ್‌ನಲ್ಲಿರುವ ಈ ಪಕ್ಕಪಕ್ಕದ ಊರುಗಳ ನಡುವೆ ಇರುವುದು ಬರೀ ದುಡ್ಡಿನ ಅಂತರ ಅಂತ ಬರೆದಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ. ನದಿಯ ಈಚೆ ಬೆಂಟನ್ ಹಾರ್ಬರ್, ಹೆಚ್ಚಿನವರು ಕಪ್ಪು ಜನ. ಆಚೆ ಸೇಂಟ್ ಜೋಸೆಫ್, ಬಿಳಿಯರೇ ಜಾಸ್ತಿ. ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಕೋರ್ಟು ಇರುವುದೂ ಆಚೆಯೇ.

1991ರಲ್ಲಿ 16 ವರ್ಷದ ಕಪ್ಪು ಹುಡುಗನೊಬ್ಬನ ಶವ ಆ ನದಿಯಲ್ಲಿ ಸಿಕ್ಕಿತು. ಕೊಂದಿದ್ದಾರೆ ಅಂತ ಈಚೆಯವರು, ಆಕಸ್ಮಿಕ ಅಂತ ಆಚೆಯವರು. ಬೆಂಟನ್ ಹಾರ್ಬರ್‌ನ ಕಪ್ಪು ಪಾದ್ರಿ ಎಡ್ವರ್ಡ್ ಪಿಂಕ್ನಿ ಅವರ ಕೇಸು ನೋಡಿ. ಆ ಊರಿನ ಮೇಯರ್‌ರನ್ನು ಕೆಳಗಿಳಿಸಲು ಸಂಗ್ರಹಿಸಿದ ಸಹಿಗಳ ತಾರೀಕು ತಿದ್ದಿದರು ಅಂತ ಆರೋಪ. 2014ರಲ್ಲಿ ಬಿಳಿಯರೇ ಇದ್ದ ಜ್ಯೂರಿ (ತೀರ್ಪು ಹೇಳುವ ನಾಗರಿಕರ ತಂಡ) ತಪ್ಪಿತಸ್ಥ ಅಂದಿತು. 2018ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಅಷ್ಟರಲ್ಲಿ ಅವರು ಜೈಲು ಕಂಡು ಬಂದಾಗಿತ್ತು!

ಅದೇ 2018ರಲ್ಲಿ ಬೆಂಟನ್ ಹಾರ್ಬರ್‌ನ ನಲ್ಲಿ ನೀರಿನಲ್ಲಿ ಸೀಸ ಅನ್ನುವ ವಿಷಕಾರಿ ಲೋಹ ಮಿತಿ ಮೀರಿದ್ದು ಗೊತ್ತಾಯಿತು. ಅಡುಗೆಗೂ ಹಲ್ಲುಜ್ಜಲಿಕ್ಕೂ ಬಾಟಲಿ ನೀರನ್ನೇ ಬಳಸಿ ಅಂತ ಸರ್ಕಾರ ಹೇಳಿದ್ದು 2021ರ ಅಕ್ಟೋಬರಿನಲ್ಲಿ. ಪುಟ್ಟ ಮಕ್ಕಳ ಹಾಲಿನ ಪುಡಿ ಕಲಸಲೂ ಆ ನೀರು ಬೇಡ ಅಂದರು. ಎರಡೂ ಊರಿಗೆ ನೀರು ಬರುವುದು ಒಂದೇ ಸರೋವರದಿಂದ ಅಲ್ವಾ? ಆಚೆ ದಡದಲ್ಲಿ ಹೀಗಾಗಿದ್ದರೆ ಮೂರು ವರ್ಷ ಕಾಯಿಸುತ್ತಿದ್ದರಾ?