ಎರಡನೇ ಶನಿವಾರ, ಹಾಜರಾತಿ ಕಡ್ಡಾಯ

ಕೆಲಸ ಮತ್ತು ಖಾಸಗಿ ಬದುಕಿನ ನಡುವೆ ಆರೋಗ್ಯಕರ ಸಮತೋಲನವನ್ನು ಕಾಯ್ದುಕೊಳ್ಳುವುದು ಹೇಗೆಂದು ತನ್ನ ನೌಕರರಿಗೆ ಕಲಿಸಿಕೊಡಲು ಕಲಬುರಗಿಯ ಇಲಾಖೆಯೊಂದು ಏಪ್ರಿಲ್ ತಿಂಗಳ ಎರಡನೇ ಶನಿವಾರವನ್ನು ಆರಿಸಿಕೊಂಡಿತು. ಅದರ ಸುತ್ತೋಲೆ ಶುಕ್ರವಾರ ರಾತ್ರಿ ಹತ್ತೂವರೆಗೆ ವಾಟ್ಸ್‌ಆ್ಯಪ್ ಗುಂಪಿಗೆ ಬಂದು ಬಿದ್ದಿತು. ಮರುದಿನ ರಜೆಯಿರುವುದರಿಂದ ಕಚೇರಿ ಕೆಲಸಕ್ಕೆ ಯಾವುದೇ ಅಡಚಣೆ ಉಂಟಾಗದೆಂಬುದನ್ನು ಮನಗಂಡು ಬೆಳಿಗ್ಗೆ ಹತ್ತರಿಂದ ಸಂಜೆ ಐದೂವರೆಯವರೆಗೆ ಕಾರ್ಯಾಗಾರವನ್ನು ಏರ್ಪಡಿಸಲಾಗಿದೆಯೆಂದೂ, ಗೈರುಹಾಜರಾದವರ ಮೇಲೆ ನಿಯಮಾನುಸಾರ ಕ್ರಮ ಜರುಗಿಸಲಾಗುವುದೆಂದೂ, 'ಕುಟುಂಬಕ್ಕಾಗಿ ಸಮಯ' ಎಂಬ ಮಧ್ಯಾಹ್ನದ ಗೋಷ್ಠಿಗೆ ಕುಟುಂಬದ ಸದಸ್ಯರನ್ನು ಕರೆತರಕೂಡದೆಂದೂ ಅದರಲ್ಲಿ ಸ್ಪಷ್ಟಪಡಿಸಲಾಗಿತ್ತು. ಮಲಗುವ ಮುನ್ನ ಮೊಬೈಲ್ ನೋಡುವ ದುರಭ್ಯಾಸದಿಂದ ಪಾರಾಗುವುದೂ ಚರ್ಚೆಯ ವಿಷಯಗಳಲ್ಲೊಂದಾಗಿತ್ತು. ಸಂದೇಶವನ್ನು ಓದಿದವರು ರಾತ್ರಿ ಹನ್ನೊಂದರೊಳಗೆ ಸ್ವೀಕೃತಿ ಕಳುಹಿಸತಕ್ಕದ್ದೆಂಬ ಸಾಲು ಮಾತ್ರ ದಪ್ಪ ಅಕ್ಷರದಲ್ಲಿತ್ತು. ಅಂದು ರಾತ್ರಿ ಹನ್ನೊಂದರವರೆಗೆ ಇಡೀ ಗುಂಪು 'ನೋಟೆಡ್ ಸರ್' ಎಂದು ಜಪ ಮಾಡಿತು.

ಶನಿವಾರದ ವಿಷಯದಲ್ಲಿ ಸರ್ಕಾರದ ಲೆಕ್ಕಾಚಾರ ಮೊದಲಿನಿಂದಲೂ ಗಟ್ಟಿಯಾದದ್ದು. 2019ರಲ್ಲಿ ಎರಡನೇ ಶನಿವಾರದ ಜೊತೆಗೆ ನಾಲ್ಕನೇ ಶನಿವಾರವನ್ನೂ ರಜೆಯೆಂದು ಘೋಷಿಸಿದಾಗ, ನೌಕರರು ಪೇಡೆ ಹಂಚಿ ಮುಗಿಸುವಷ್ಟರಲ್ಲಿ ವರ್ಷಕ್ಕೆ 15 ಇದ್ದ ಸಾಂದರ್ಭಿಕ ರಜೆ 10ಕ್ಕೆ ಇಳಿದಿತ್ತು. ನಮ್ಮ ಗಂಜಿನ ಅಡತಿ ಅಂಗಡಿಯಲ್ಲಿ ತೊಗರಿ ತೂಗುವ ಹಮಾಲನು ಒಂದು ಕೈಯಿಂದ ಚೀಲಕ್ಕೆ ಕಾಳು ಸುರಿದು ಇನ್ನೊಂದು ಕೈಯಿಂದ ತೆಗೆಯುವಾಗ ರೈತ ಕಣ್ಣು ಮಿಟುಕಿಸದೆ ನೋಡುತ್ತಿರುತ್ತಾನೆ; ನೌಕರ ಮಾತ್ರ ತಕ್ಕಡಿಯ ಕಡೆ ನೋಡದೆ ಕ್ಯಾಲೆಂಡರಿನಲ್ಲಿ ಕೆಂಪು ಅಂಕಿಗಳನ್ನಷ್ಟೇ ಎಣಿಸಿದ. ಹಾಗೆ ರಜೆ ತೆತ್ತು ಕೊಂಡ ಶನಿವಾರಗಳು ಈಗ ಕಾರ್ಯಾಗಾರಕ್ಕೆ, ಪ್ರಗತಿ ಪರಿಶೀಲನೆಗೆ, ಸಮೀಕ್ಷೆಯ ತರಬೇತಿಗೆ ಎಂದು ಹಂಚಿಹೋಗಿವೆ. ಕಳೆದುಕೊಂಡ ಐದು ದಿನಗಳನ್ನು ಯಾರೂ ಮರಳಿ ಕೇಳಿಲ್ಲ.

ನಿಜ ಹೇಳಬೇಕೆಂದರೆ, ಈ ಭಾಗದ ನೌಕರರಿಗೆ ಸಮತೋಲನವನ್ನು ಲಿಖಿತವಾಗಿ ಮಂಜೂರು ಮಾಡಿದ ಏಕೈಕ ಪ್ರಾಧಿಕಾರವೆಂದರೆ ಸೂರ್ಯ. ಅವನ ಒತ್ತಾಯಕ್ಕೆ ಮಣಿದೇ ಸರ್ಕಾರವು ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲೂ, ಬೆಳಗಾವಿ ವಿಭಾಗದ ವಿಜಯಪುರ ಮತ್ತು ಬಾಗಲಕೋಟೆಗಳಲ್ಲೂ ಕಚೇರಿಯ ವೇಳೆಯನ್ನು ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದೂವರೆಯವರೆಗೆ ಎಂದು ಬದಲಿಸುತ್ತ ಬಂದಿದೆ. ಯಾವ ನೌಕರ ಸಂಘವೂ ಧರಣಿ ಕುಳಿತು ಪಡೆಯಲಾಗದ ಈ ಸೌಲಭ್ಯವನ್ನು 42 ಡಿಗ್ರಿ ದಾಟಿದ ಬಿಸಿಲು ಒಂದು ಮನವಿಪತ್ರವನ್ನೂ ಕೊಡದೆ ದೊರಕಿಸಿಕೊಟ್ಟಿತು. ಆದರೆ ಆದೇಶ ಅನ್ವಯಿಸುವುದು ಇಲ್ಲಿನ ಜಿಲ್ಲೆಗಳಿಗೆ, ಆದೇಶ ಹೊರಡುವುದು ಬೆಂಗಳೂರಿನಿಂದ. ಅಲ್ಲಿನ ಕಚೇರಿಗಳು ಏಪ್ರಿಲ್‌ನಲ್ಲೂ ಹತ್ತಕ್ಕೆ ತೆರೆದು ಐದೂವರೆಗೆ ಮುಚ್ಚುವುದರಿಂದ, ಅಲ್ಲಿನ ಹಿರಿಯ ಅಧಿಕಾರಿಗೆ ವಿಡಿಯೊ ಸಂವಾದದ ನೆನಪಾಗುವುದು ಊಟ ಮುಗಿಸಿ ಎಸಿಯ ತಂಪಿನಲ್ಲಿ ಕುಳಿತ ಮೇಲೆ, ಮೂರೂವರೆ ನಾಲ್ಕರ ಹೊತ್ತಿಗೆ. ಒಂದೂವರೆಗೆ ಮನೆ ಸೇರಿ ಉಂಡು ಮಲಗಿದವರು ಮತ್ತೆ ತಲೆಗೆ ಟವಲ್ ಸುತ್ತಿಕೊಂಡು ಬಿಸಿಲಿನಲ್ಲಿ ಬೈಕು ಓಡಿಸಿ ಕಚೇರಿಗೆ ಬರುತ್ತಾರೆ. ಹೀಗಾಗಿ ಬೇಸಿಗೆಯ ವೇಳಾಪಟ್ಟಿ ಈಗ ಪೂರ್ಣಪ್ರಮಾಣದಲ್ಲಿ ಜಾರಿಯಲ್ಲಿದೆ: ಎಂಟಕ್ಕೆ ಬರುವುದು ಕಲಬುರಗಿಯ ಆದೇಶದಂತೆ, ಐದೂವರೆಗೆ ಹೋಗುವುದು ಬೆಂಗಳೂರಿನ ಅನುಕೂಲದಂತೆ. ಕಾರ್ಯಾಗಾರಕ್ಕೂ ಬೇಸಿಗೆಯ ವೇಳೆ ಅನ್ವಯಿಸುವುದೇ ಎಂದು ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಗುಂಪಿನಲ್ಲಿ ಕೇಳಿದಳಂತೆ. ಕಾರ್ಯಾಗಾರವು ಕೆಲಸವಲ್ಲವಾದ್ದರಿಂದ ಕೆಲಸದ ವೇಳೆಯ ಆದೇಶ ಅದಕ್ಕೆ ಅನ್ವಯಿಸದು ಎಂಬ ಉತ್ತರ ಬಂದಿತು. ಕಾನೂನಿನ ಇಷ್ಟು ಸೂಕ್ಷ್ಮ ವ್ಯಾಖ್ಯಾನ ನಮ್ಮ ಊರಿನ ಹೈಕೋರ್ಟ್ ಪೀಠದಲ್ಲೂ ದಿನಾಲು ಕೇಳಸಿಗುವುದಿಲ್ಲ.

ಉಪನ್ಯಾಸ ನೀಡಲು ಬೆಂಗಳೂರಿನಿಂದ ಬಂದಿದ್ದ ಸಂಪನ್ಮೂಲ ವ್ಯಕ್ತಿಗಳು ಪರದೆಯ ಮೇಲೆ ಒಂದು ದೊಡ್ಡ ಚಕ್ರವನ್ನು ಮೂಡಿಸಿ, ಅದನ್ನು ಮೂರು ಸಮಭಾಗ ಮಾಡಿ, ಎಂಟು ಗಂಟೆ ಕೆಲಸಕ್ಕೆ, ಎಂಟು ಗಂಟೆ ನಿದ್ರೆಗೆ, ಉಳಿದ ಎಂಟು ಗಂಟೆ ಕುಟುಂಬಕ್ಕೆ ಮತ್ತು ತಮಗೆ ಎಂದು ಬಣ್ಣ ತುಂಬಿದರು. ಆಗ ಹಿಂದಿನ ಸಾಲಿನಲ್ಲಿದ್ದ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಒಬ್ಬರು ಎದ್ದು ನಿಂತರು. "ಸರ್, ನನ್ನ ಕಡೆ ಮೂರು ಟೇಬಲ್ ಚಾರ್ಜ್ ಅವ ರೀ. ಒಂದೊಂದಕ್ಕ ಎಂಟು ತಾಸಂದ್ರ ನಿಮ್ಮ ಚಕ್ರ ಪೂರಾ ತುಂಬ್ತದ. ಮಲಗೋದು ಯಾವ ಚಾರ್ಜಿನಾಗ ಮಲಗ್ಬೇಕು ರೀ?" ಎಂದು ಅವರು ಅತ್ಯಂತ ವಿನಯದಿಂದ ಕೇಳಿದರು. ಸಭೆ ನಕ್ಕಿತು, ಸಂಪನ್ಮೂಲ ವ್ಯಕ್ತಿಗಳೂ ನಕ್ಕರು. ನಂತರ ಅವರು ಕೆಲಸವನ್ನು ಕೈಕೆಳಗಿನವರಿಗೆ ಹಂಚುವ ಕಲೆಯನ್ನು ರೂಢಿಸಿಕೊಳ್ಳಬೇಕೆಂದು ತಿಳಿಹೇಳಿದರು. ಕೈಕೆಳಗಿನ ಎರಡೂ ಹುದ್ದೆಗಳು ಖಾಲಿಯಿದ್ದು ಅವುಗಳ ಚಾರ್ಜೂ ತಮ್ಮ ಬಳಿಯೇ ಇರುವುದರಿಂದ, ತಾವು ಹಂಚಿದ ಕೆಲಸ ತಮಗೇ ಬಂದು ತಲುಪುತ್ತದೆಯೆಂಬ ಸಂಗತಿಯನ್ನು ಎಫ್‌ಡಿಎ ಹೇಳಬೇಕೆಂದಿದ್ದರು. ಅಷ್ಟರಲ್ಲಿ ದೀರ್ಘ ಉಸಿರಾಟದ ಅಭ್ಯಾಸ ಆರಂಭವಾಗಿ, ಎಲ್ಲರೂ ಕಣ್ಣು ಮುಚ್ಚಿಕೊಂಡು ತಂಪಾದ ಗಾಳಿಯನ್ನು ಒಳಗೆಳೆದುಕೊಳ್ಳುತ್ತಿರುವಂತೆ ಭಾವಿಸಿಕೊಳ್ಳಬೇಕೆಂಬ ಸೂಚನೆ ಬಂದಿತು. ಕರೆಂಟ್ ಹೋಗಿ ಆಗಲೇ ಬಹಳ ಹೊತ್ತಾಗಿತ್ತು. ಭಾವಿಸಿಕೊಳ್ಳುವುದರಲ್ಲಿ ನಮ್ಮವರಿಗೆ ಅಭ್ಯಾಸವಿರುವುದರಿಂದ ಆ ಗೋಷ್ಠಿ ಯಶಸ್ವಿಯಾಯಿತು.

ಖಾಲಿ ಕುರ್ಚಿಯ ಮಾತು ಬಂದ ಮೇಲೆ ಅದನ್ನು ಅಷ್ಟಕ್ಕೇ ಬಿಡುವುದು ನ್ಯಾಯವಲ್ಲ. ಈ ಭಾಗದ ಅನ್ಯಾಯವನ್ನು ಸರಿಪಡಿಸಲೆಂದೇ ಸಂವಿಧಾನಕ್ಕೆ 98ನೆಯ ತಿದ್ದುಪಡಿಯಾಗಿ 371(ಜೆ) ವಿಧಿ ಸೇರಿತು. ಅದರ ಅನ್ವಯ ಇಲ್ಲಿನ ಸ್ಥಳೀಯ ವೃಂದದ ಎ ಮತ್ತು ಬಿ ಗುಂಪಿನ ಹುದ್ದೆಗಳಲ್ಲಿ ಶೇ 75, ಸಿ ಗುಂಪಿನಲ್ಲಿ ಶೇ 80, ಡಿ ಗುಂಪಿನಲ್ಲಿ ಶೇ 85ರಷ್ಟನ್ನು ಸ್ಥಳೀಯರಿಗೆ ಮೀಸಲಿಡಲಾಯಿತು. ಮೀಸಲಾತಿ ಇಂದಿಗೂ ಕಟ್ಟುನಿಟ್ಟಾಗಿ ಪಾಲನೆಯಾಗುತ್ತಿದೆ. ಎಷ್ಟೋ ಕಚೇರಿಗಳಲ್ಲಿ ಸ್ಥಳೀಯರಿಗೆ ಮೀಸಲಿಟ್ಟ ಕುರ್ಚಿಯ ಮೇಲೆ ಸ್ಥಳೀಯ ಧೂಳಿನ ಹೊರತು ಬೇರೆ ಊರಿನದು ಕೂತಿದ್ದನ್ನು ಯಾರೂ ಕಂಡಿಲ್ಲ. ನೇಮಕಾತಿಯಾಗಬೇಕಾದ ಕಡೆ ಪ್ರಭಾರದ, ಅಂದರೆ ಚಾರ್ಜಿನ, ಆದೇಶ ಹೊರಡುತ್ತದೆ. ನೇಮಕಾತಿಗೆ ಅಧಿಸೂಚನೆ, ಪರೀಕ್ಷೆ, ಆಕ್ಷೇಪಣೆ, ಕೋರ್ಟು, ತಿದ್ದುಪಡಿ ಪಟ್ಟಿ ಎಲ್ಲವೂ ಬೇಕು. ಪ್ರಭಾರಕ್ಕೆ ಒಂದು ಹಾಳೆ ಸಾಕು. 'ಮುಂದಿನ ಆದೇಶದವರೆಗೆ' ಎಂಬ ಮಾತು ಅದರಲ್ಲಿರುತ್ತದೆ ಮತ್ತು ಮುಂದಿನ ಆದೇಶವು ಇನ್ನೊಂದು ಕುರ್ಚಿಯ ಪ್ರಭಾರವನ್ನು ಕೊಡಲು ಮಾತ್ರ ಬರುತ್ತದೆ. ಮೂವರ ಕೆಲಸವನ್ನು ಒಬ್ಬ ಮಾಡುವಾಗ ಉಂಟಾಗುವ ಬೇನೆಗೆ ಒತ್ತಡ ನಿರ್ವಹಣೆಯ ಕೊರತೆಯೆಂದು ಹೆಸರಿಟ್ಟು ಉಸಿರಾಟದ ಔಷಧ ಕೊಡುವವರು, ಉಳಿದಿಬ್ಬರ ಸಂಬಳ ಎಲ್ಲಿ ಉಳಿಯಿತೆಂದು ಮಾತ್ರ ಕೇಳುವುದಿಲ್ಲ.

ಸಮತೋಲನವನ್ನು ಸಾಧಿಸಿದವರು ನಮ್ಮಲ್ಲಿ ಇಲ್ಲವೇ ಇಲ್ಲವೆಂದು ತಿಳಿಯಬಾರದು. ಕಲಬುರಗಿಗೆ ವರ್ಗವಾದುದನ್ನು ಗಡಿಪಾರಿನ ಶಿಕ್ಷೆಯೆಂದು ಭಾವಿಸುವ ಕೆಲವು ಸಾಹೇಬರು (ಎಲ್ಲರೂ ಹಾಗಿಲ್ಲ, ಇಲ್ಲೇ ಮನೆ ಮಾಡಿ ಕೆಲಸ ಮಾಡಿದವರನ್ನು ಜನ ಇಂದಿಗೂ ಹೆಸರು ಹಿಡಿದು ನೆನೆಯುತ್ತಾರೆ) ಸಂಬಳವನ್ನು ಇಲ್ಲಿಯೂ ಸಂಸಾರವನ್ನು ಬೆಂಗಳೂರಿನಲ್ಲಿಯೂ ಇರಿಸಿ, ಎರಡರ ನಡುವೆ ಶುಕ್ರವಾರ ಮತ್ತು ಸೋಮವಾರಗಳನ್ನು ರೈಲಿನಲ್ಲಿರಿಸಿದ್ದಾರೆ. 2019ರಲ್ಲಿ ವಿಮಾನ ನಿಲ್ದಾಣವೂ 2024ರಲ್ಲಿ ವಂದೇ ಭಾರತ್ ರೈಲೂ ಬಂದಾಗ ಊರು ಅಭಿವೃದ್ಧಿಯಾಯಿತೆಂದು ನಾವು ಹಿಗ್ಗಿದೆವು; ಸಾಹೇಬರು ಬೇಗ ಬರಲಿಕ್ಕೆ ಆಗುತ್ತದೆಂದು ನಾವು ತಿಳಿದಿದ್ದರೆ, ಬೇಗ ಹೋಗಲಿಕ್ಕೆ ಆಗುತ್ತದೆಂದು ಅವರು ತಿಳಿದಿದ್ದರು. ಅದೇ ಹಳಿಯ ಮೇಲೆ ಯಾದಗಿರಿಯಿಂದ ಉದ್ಯಾನ್ ಎಕ್ಸ್‌ಪ್ರೆಸ್ಸಿನ ಜನರಲ್ ಬೋಗಿಯಲ್ಲಿ ಗುಳೆ ಹೋಗುವವರೂ ಕೆಲಸವನ್ನು ಬೆಂಗಳೂರಿನಲ್ಲಿ, ಮಕ್ಕಳನ್ನು ಊರಿನ ಆಯಿಯ ಬಳಿ ಬಿಟ್ಟು ಬದುಕುತ್ತಾರೆ. ಅವರಿಗಾಗಿ ಕಾರ್ಯಾಗಾರ ನಡೆದ ವರದಿಯಿಲ್ಲ.

ವೇದಿಕೆಯ ಹಿಂದೆ ಕಟ್ಟಿದ್ದ ಬ್ಯಾನರಿನಲ್ಲಿ ಬಸವಣ್ಣನವರ ಚಿತ್ರದ ಕೆಳಗೆ 'ಕಾಯಕವೇ ಕೈಲಾಸ' ಎಂದು ಬರೆಯಲಾಗಿತ್ತು. ಆ ಮಾತು ಆಯ್ದಕ್ಕಿ ಮಾರಯ್ಯನ ವಚನದಲ್ಲಿರುವುದೆಂಬುದು ಬ್ಯಾನರು ಬರೆಸಿದವರಿಗೆ ತಿಳಿಯದಿದ್ದರೂ ಚಿಂತೆಯಿಲ್ಲ. ಅದನ್ನು ಆಧರಿಸಿ ಅಧ್ಯಕ್ಷತೆ ವಹಿಸಿದವರು ಮಾಡಿದ ಭಾಷಣವನ್ನು ಮಾತ್ರ ಮರೆಯಲಾಗದು. ಕೆಲಸವನ್ನೇ ಕೈಲಾಸವೆಂದುಕೊಂಡವನಿಗೆ ಮನೆಗೆ ಹೋಗುವ ಅವಸರವೇ ಇರುವುದಿಲ್ಲವೆಂದೂ, ಶರಣರು ಗಡಿಯಾರ ನೋಡಿ ದುಡಿದವರಲ್ಲವೆಂದೂ ಅವರು ಅಪ್ಪಣೆ ಕೊಡಿಸಿದರು. ಇಲ್ಲಿಂದ ಬಸ್ಸಿನಲ್ಲಿ ಅರ್ಧ ದಿನವೂ ಹಿಡಿಯದ ಬಸವಕಲ್ಯಾಣದಲ್ಲಿ ಮಾರಯ್ಯ ಮಾಡಿದ್ದಾದರೂ ಏನು? ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವನ ನಿತ್ಯದ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಹೊಗಳಲಿಲ್ಲ. ಇಷ್ಟೊಂದು ಅಕ್ಕಿಯ ಆಸೆ ನಮಗೇಕೆ, ಹೆಚ್ಚಿನದನ್ನು ಅಲ್ಲೇ ಸುರಿದು ಬನ್ನಿ ಎಂದು ತಿರುಗಿ ಕಳಿಸಿದಳು. ಒಬ್ಬ ಮನುಷ್ಯನ ಪಾಲಿಗೆ ಎಷ್ಟು ಸಾಕು ಎಂಬುದನ್ನು ಹನ್ನೆರಡನೆಯ ಶತಮಾನದಲ್ಲೇ ಅಳೆದು ತೋರಿಸಿದ ಆ ತಾಯಿ ಇಂದು ಬದುಕಿದ್ದು, ಗಂಡ ಮೂರು ಟೇಬಲ್ಲಿನ ಕಡತಗಳನ್ನು ಚೀಲದಲ್ಲಿ ತುಂಬಿಕೊಂಡು ಮನೆಗೆ ಬಂದಿದ್ದರೆ, ಅಧ್ಯಕ್ಷರ ಮನೆ ಬಾಗಿಲಿಗೇ ಸುರಿಸಿ ಬರುತ್ತಿದ್ದಳು. ಬ್ಯಾನರುಗಳಲ್ಲಿ ಅವಳ ಚಿತ್ರ ಅಪರೂಪವಾಗಿರುವುದು ಆಕಸ್ಮಿಕವಿರಲಾರದು.

ರಾಜ್ಯದ ಮತ್ತು ದೇಶದ ದೊಡ್ಡವರ ಮಾತನ್ನೂ ಕೇಳೋಣ. ವಾರಕ್ಕೆ 70 ಗಂಟೆ ದುಡಿಯಬೇಕೆಂದು 2023ರಲ್ಲಿ ಇನ್ಫೋಸಿಸ್‌ನ ನಾರಾಯಣಮೂರ್ತಿಯವರು ಯುವಕರಿಗೆ ಉಪದೇಶಿಸಿದರು. 2025ರ ಆರಂಭದಲ್ಲಿ ಇನ್ನೊಂದು ಬೃಹತ್ ಕಂಪನಿಯಾದ ಎಲ್ ಆ್ಯಂಡ್ ಟಿಯ ಅಧ್ಯಕ್ಷ ಸುಬ್ರಹ್ಮಣ್ಯನ್ನರ ಮಾತು ಸುದ್ದಿಯಾಯಿತು. 90 ಗಂಟೆಯ ಪ್ರಸ್ತಾಪದ ಜೊತೆಗೆ ಭಾನುವಾರ ಮನೆಯಲ್ಲಿ ಕುಳಿತು ಹೆಂಡತಿಯ ಮುಖವನ್ನು ಎಷ್ಟು ಹೊತ್ತು ನೋಡುತ್ತೀರಿ ಎಂಬ ಪ್ರಶ್ನೆಯೂ ಅದರಲ್ಲಿತ್ತು. ಆ ಪ್ರಶ್ನೆ ಹೊರಡುವುದು ಹೆಂಡತಿ ಭಾನುವಾರ ಸುಮ್ಮನೆ ಎದುರಿಗೆ ಕುಳಿತಿರುತ್ತಾಳೆಂಬ ನಂಬಿಕೆಯಿಂದ. ನಮ್ಮ ಕಡೆಯ ಹೆಂಗಸರು ಮುಂಜಾನೆ ಎದ್ದು ಜೋಳದ ರೊಟ್ಟಿ ಬಡಿಯತೊಡಗಿದರೆ ಮುಖ ನೋಡಬೇಕೆಂದವನಿಗೂ ಬೆನ್ನೇ ಕಾಣುವುದು. ಕರ್ನಾಟಕವಂತೂ 2023ರಲ್ಲೇ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆಯ ಮಿತಿಯನ್ನು ಉಳಿಸಿಕೊಂಡೇ ದಿನಕ್ಕೆ 12 ಗಂಟೆಯವರೆಗೆ ದುಡಿಸಿಕೊಳ್ಳಲು ಬಾಗಿಲು ತೆರೆಯಿತು. ಇನ್ನು ಅಂಗನವಾಡಿ ಕಾರ್ಯಕರ್ತೆಯರ ವಿಷಯ ಬೇರೆ: ಸಮೀಕ್ಷೆಗೆ, ಮತದಾರರ ಪಟ್ಟಿಗೆ, ಮನೆಮನೆ ತಿರುಗಾಟಕ್ಕೆ ಅವರು ಬೇಕು. ಆದರೆ ಅವರಿಗೆ ಸಿಗುವುದು ಸಂಬಳವಲ್ಲ, ಗೌರವಧನ. ನೌಕರರೇ ಅಲ್ಲದವರಿಗೆ ಕೆಲಸವೆಂಬುದೇ ಇರದ ಕಾರಣ, ಸಮತೋಲನದ ಪ್ರಶ್ನೆ ಉದ್ಭವಿಸುವುದಿಲ್ಲವೆಂದು ಅವರನ್ನು ಕಾರ್ಯಾಗಾರದಿಂದ ಕೈಬಿಡಲಾಗಿತ್ತು. ಇದ್ದವರಲ್ಲಿ ನಿಜವಾಗಿ ಬಚಾವಾದವರು ಅವರೇ.

ಕಾರ್ಯಾಗಾರವು ಪುಂಡಿಪಲ್ಯ ಮತ್ತು ಶೇಂಗಾ ಹಿಂಡಿಯ ಊಟದ ಮಟ್ಟಿಗೆ ನಿರ್ವಿವಾದವಾಗಿ ಯಶಸ್ವಿಯಾಗಿ, ಸಂಜೆ ಏಳಕ್ಕೆ ವಂದನಾರ್ಪಣೆಯೊಂದಿಗೆ ಮುಗಿಯಿತು. ಕಾರ್ಯಾಗಾರದ ನಿರ್ಣಯದಂತೆ ಪ್ರತಿ ಕಚೇರಿಗೂ ಒಬ್ಬ ಸಮತೋಲನ ನೋಡಲ್ ಅಧಿಕಾರಿಯ ಅಗತ್ಯವಿತ್ತು. ಹುದ್ದೆ ಮಂಜೂರಾಗಿಲ್ಲದ ಕಾರಣ, ವಿಷಯದಲ್ಲಿ ವಿಶೇಷ ಆಸಕ್ತಿ ತೋರಿ ಪ್ರಶ್ನೆ ಕೇಳಿದ ಎಫ್‌ಡಿಎ ಅವರಿಗೇ ಮುಂದಿನ ಆದೇಶದವರೆಗೆ ಅದರ ಪ್ರಭಾರವನ್ನು ವಹಿಸಲಾಯಿತು. ನಾಲ್ಕನೆಯ ಚಾರ್ಜಿನ ಮೊದಲ ಕರ್ತವ್ಯವಾಗಿ, ಕುಟುಂಬದೊಂದಿಗೆ ಸಮಯ ಕಳೆಯುತ್ತಿರುವ ತಮ್ಮದೊಂದು ಫೋಟೊವನ್ನು ಅವರು ಭಾನುವಾರ ಸಂಜೆ ಐದರೊಳಗೆ ಹಾಜರಾತಿಯ ಆ್ಯಪ್ ಮೂಲಕವೇ ಅಪ್‌ಲೋಡ್ ಮಾಡಿ ಅನುಪಾಲನಾ ವರದಿ ಸಲ್ಲಿಸಬೇಕಿತ್ತು. ಮನೆಯ ಕಟ್ಟೆಯ ಮೇಲೆ ಹೆಂಡತಿ ಮಕ್ಕಳನ್ನು ಕೂಡಿಸಿಕೊಂಡು ತೆಗೆದ ಫೋಟೊವನ್ನು ಆ್ಯಪ್ ಸ್ವೀಕರಿಸಲಿಲ್ಲ; 'ನೀವು ಕಚೇರಿಯ ವ್ಯಾಪ್ತಿಯಲ್ಲಿಲ್ಲ' ಎಂಬ ಕೆಂಪು ಅಕ್ಷರ ಮತ್ತೆ ಮತ್ತೆ ಮೂಡಿತು. ನಾಲ್ಕೂವರೆಯ ಉರಿಯಲ್ಲಿ ಅವರು ಹೆಂಡತಿ, ಇಬ್ಬರು ಮಕ್ಕಳು ಮತ್ತು ವಯಸ್ಸಾದ ತಾಯಿಯನ್ನು ಆಟೊದಲ್ಲಿ ಹತ್ತಿಸಿಕೊಂಡು, ಬೀಗ ಹಾಕಿದ ಕಚೇರಿಯ ಗೇಟಿನ ಮುಂದೆ ಸಾಲಾಗಿ ನಿಲ್ಲಿಸಿದರು. "ಇಲ್ಲಿಗ್ಯಾಕ ಕರ್ಕೊಂಡು ಬಂದ್ಯೋ ಅಪ್ಪಾ?" ಎಂದು ತಾಯಿ ಕೇಳಿದರು. "ನಿಮ್ಮ ಜೋಡಿ ಟೈಮ್ ಕಳಿಲಿಕ್ಕ ಬಂದೀನವ್ವಾ, ಸ್ವಲ್ಪ ನಗು" ಎಂದರು ಮಗ. ಫೋಟೊ ಅಪ್‌ಲೋಡ್ ಆಯಿತು. ಜಿಲ್ಲೆಯಲ್ಲಿ ಶೇ 100ರಷ್ಟು ಸಮತೋಲನ ಸಾಧಿಸಿದ ಮೊದಲ ಕಚೇರಿಯೆಂದು ಆ ರಾತ್ರಿ ಹತ್ತೂಮುಕ್ಕಾಲಕ್ಕೆ ಗುಂಪಿನಲ್ಲಿ ಅಭಿನಂದನಾ ಸಂದೇಶ ಬಂದಿದ್ದು, ಓದಿದವರೆಲ್ಲ ಹನ್ನೊಂದೂವರೆಯೊಳಗೆ ಸ್ವೀಕೃತಿ ಕಳುಹಿಸಿದ್ದಾರೆ.