ಸಿಂಗಾಪುರದ ಕಸ, ಬೆಂಗಳೂರಿನ ಗುಜರಿ

ಊರಿಂದ ಇಲ್ಲಿಗೆ ಬಂದವರೆಲ್ಲ ಮೊದಲು ಹೇಳುವ ಮಾತು ಒಂದೇ. ಸಿಂಗಾಪುರ ಎಷ್ಟು ಕ್ಲೀನ್, ನಮ್ಮ ಬೆಂಗಳೂರು ಯಾವಾಗ ಹೀಗಾಗುತ್ತೋ! ರಸ್ತೆ ಕ್ಲೀನ್ ಇರುವುದು ನಿಜ. ಆದರೆ ಕಸ ಮನೆಯಿಂದ ಹೋದ ಮೇಲೆ ಏನಾಗುತ್ತದೆ ಅಂತ ನೋಡಿದರೆ, ಬೆಂಗಳೂರು ಕಣ್ಣು ಮುಚ್ಚಿಕೊಂಡು ಇವರನ್ನು ಅನುಸರಿಸಬಾರದು ಅಂತಲೇ ನನಗೆ ಅನಿಸುತ್ತದೆ.

ಇಲ್ಲಿನ ಸರ್ಕಾರಿ ಫ್ಲ್ಯಾಟ್‌ಗಳಲ್ಲಿ ಕಸ ಹಾಕಲು ಗೋಡೆಯೊಳಗೆ ಕೊಳವೆ ಇರುತ್ತದೆ. ಹಳೆಯ ಫ್ಲ್ಯಾಟ್‌ಗಳಲ್ಲಂತೂ ಅದರ ಬಾಯಿ ಅಡುಗೆಮನೆಯಲ್ಲೇ. ಉಳಿದ ಅನ್ನ, ಬಾಟಲಿ, ಮಗುವಿನ ಡಯಾಪರ್ ಎಲ್ಲ ಒಂದೇ ಚೀಲದಲ್ಲಿ ಕಟ್ಟಿ ಬಿಟ್ಟರೆ ಮುಗಿಯಿತು, ಕೇಳುವವರಿಲ್ಲ. ಲಾರಿ ಅದನ್ನು ಸುಡುವ ಘಟಕಕ್ಕೆ ಒಯ್ಯುತ್ತದೆ. ಸುಟ್ಟಾಗ ಸ್ವಲ್ಪ ಕರೆಂಟ್ ಸಿಗುತ್ತದೆ, ಕಸದ ಗಾತ್ರ ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ, ಉಳಿದ ಬೂದಿಯನ್ನು ಬಾರ್ಜ್‌ನಲ್ಲಿ ಸೆಮಾಕಾವ್ ದ್ವೀಪಕ್ಕೆ ಸಾಗಿಸಿ, ಸಮುದ್ರಕ್ಕೆ ಒಡ್ಡು ಕಟ್ಟಿ ಮಾಡಿದ ಜಾಗದಲ್ಲಿ ಸುರಿಯುತ್ತಾರೆ. 1999ರಿಂದ ಇದೇ ನಡೆದಿದೆ. ದೇಶದಲ್ಲಿ ಉಳಿದಿರುವುದು ಈ ಒಂದೇ ಜಾಗ, ಅದೂ 2035ರ ಹೊತ್ತಿಗೆ ತುಂಬುತ್ತದೆ ಅಂತ ಸರ್ಕಾರವೇ ಹೇಳುತ್ತಿದೆ.

ಮರುಬಳಕೆಗೆ ಅಂತ ಕೆಳಗೆ ನೀಲಿ ಡಬ್ಬಿ ಇದೆ. ಪೇಪರ್, ಪ್ಲಾಸ್ಟಿಕ್, ಗಾಜು, ತಗಡು ಎಲ್ಲ ಅದಕ್ಕೇ. ಯಾರಾದರೂ ಅರ್ಧ ಕುಡಿದ ಕಾಫಿ ಎಸೆದರೆ ಒಳಗಿನ ಪೇಪರ್ ಹಾಳು. ಈ ಡಬ್ಬಿಗಳಿಗೆ ಬೀಳುವುದರಲ್ಲಿ ಸುಮಾರು ಶೇ 40ರಷ್ಟು ಮರುಬಳಕೆಗೆ ಬರುವುದೇ ಇಲ್ಲ. 2023ರಲ್ಲಿ ಮನೆ ಕಡೆಯ ಕಸದಲ್ಲಿ ಮರುಬಳಕೆ ಆಗಿದ್ದು ಶೇ 12 ಮಾತ್ರ. ಇಷ್ಟು ಶಿಸ್ತಿನ ದೇಶದಲ್ಲಿ!

ಈಗ ಬೆಂಗಳೂರು ನೋಡಿ. ನಮ್ಮಮ್ಮ ಹಾಲಿನ ಕವರ್ ತೊಳೆದು, ಒಣಗಿಸಿ, ಕಟ್ಟು ಕಟ್ಟಿ ಇಡುತ್ತಾರೆ. ಅದಕ್ಕೆ ಗುಜರಿ ಅಂಗಡಿಯಲ್ಲಿ ಬೆಲೆ ಇದೆ. ಹಸಿ ಕಸ ಒಂದು ಬಕೆಟ್, ಸ್ಯಾನಿಟರಿ ಕಸ ಇನ್ನೊಂದು, ಒಣ ಕಸಕ್ಕೆ ಚೀಲ ಅಂತ 2015ರಲ್ಲೇ ಹೈಕೋರ್ಟ್ ಹೇಳಿದೆ. ಎಲ್ಲರೂ ಮಾಡುವುದಿಲ್ಲ, ಗೊತ್ತು. ಆದರೆ ಮಾಡುವ ಮನೆಯ ಒಣ ಕಸ ವಾರ್ಡಿನ ಕೇಂದ್ರಕ್ಕೆ ಹೋದಾಗ ಅಲ್ಲಿ ಕೂತ ಹೆಂಗಸರು ಕೈಯಲ್ಲಿ ಮುಟ್ಟಿಯೇ ಪೆಟ್ ಬಾಟಲಿ ಯಾವುದು, ಎಲ್‌ಡಿ ಅನ್ನುವ ತೆಳು ಪ್ಲಾಸ್ಟಿಕ್ ಕವರ್ ಯಾವುದು ಅಂತ ಬೇರೆ ಮಾಡುತ್ತಾರೆ, ಪೇಪರ್ ಜಾಲಿ ಮೊಹಲ್ಲಾ ಕಡೆಗೆ, ಪ್ಲಾಸ್ಟಿಕ್ ನಾಯಂಡಹಳ್ಳಿ ಕಡೆಗೆ ಹೋಗಿ ಮತ್ತೆ ಸರಕಾಗುತ್ತದೆ. ಚಿಪ್ಸ್ ಕವರ್‌ನಂಥದ್ದನ್ನು ಯಾರೂ ಕೊಳ್ಳುವುದಿಲ್ಲ, ಅದು ಸಿಮೆಂಟ್ ಕಾರ್ಖಾನೆಯ ಗೂಡಿಗೆ. ಎಷ್ಟೋ ವರ್ಷ ರಸ್ತೆಯಲ್ಲಿ ಚಿಂದಿ ಆಯ್ದವರ ವಿದ್ಯೆ ಇದು. ಇವರಿಗೆ ಗುರುತಿನ ಚೀಟಿ ಕೊಟ್ಟು ಕೈತೊಳೆದುಕೊಂಡರೆ ಸಾಲದು. ಕೊಳ್ಳುವವರಿಲ್ಲದ ಕಸ ಬೇರೆ ಮಾಡಿದ್ದಕ್ಕೂ ಕೂಲಿ ಸಿಗಬೇಕು, ಕೈಗೆ ಗ್ಲೌಸ್, ಕೂರಲು ನೆರಳು, ಶೌಚಾಲಯ ಬೇಕು.

ಹಾಗಂತ ನಮ್ಮದೇ ಸರಿ ಅನ್ನುತ್ತಿಲ್ಲ. ಮಾವಳ್ಳಿಪುರ, ಆಮೇಲೆ ಮಂಡೂರು. ನಗರದ ಕಸವನ್ನು ಬೇರೆ ಮಾಡದೆ ಹಾಗೇ ತಂದು ಸುರಿದು ಆ ಊರುಗಳ ನೀರು ಕೆಡಿಸಿದೆವು. ಮಂಡೂರಿನ ಜನ ಬೀದಿಗಿಳಿದು ಹೋರಾಡಿದ ಮೇಲೆ 2014ರಲ್ಲಿ ಅಲ್ಲಿ ನಿಂತಿತು, ಲಾರಿಗಳು ಬೇರೆ ಹಳ್ಳಿಯತ್ತ ತಿರುಗಿದವು. ಸಿಂಗಾಪುರಕ್ಕೆ ತಳ್ಳಲು ಪಕ್ಕದ ಹಳ್ಳಿ ಇಲ್ಲ, ಹಾಗಾಗಿ ಎಷ್ಟು ಕಸ ಬಂತು, ಎಷ್ಟು ಸುಟ್ಟೆವು ಅಂತ ಪ್ರತಿ ವರ್ಷ ಲೆಕ್ಕ ಪ್ರಕಟಿಸುತ್ತಾರೆ. ಕಲಿಯುವುದಿದ್ದರೆ ಇದನ್ನು ಕಲಿಯಬೇಕು, ಅಲ್ವಾ? ಅದು ಬಿಟ್ಟು ನಮ್ಮಲ್ಲಿ ಮಾತು ಶುರುವಾದರೆ ಸಾಕು, ಬಿಡದಿಯಂಥ ಸುಡುವ ಘಟಕ ಇನ್ನಷ್ಟು ಕಟ್ಟೋಣ ಅನ್ನುತ್ತಾರೆ. ನಮ್ಮ ಕಸದಲ್ಲಿ ಅರ್ಧಕ್ಕಿಂತ ಜಾಸ್ತಿ ಹಸಿಯದ್ದು. ಅದು ಗೊಬ್ಬರಕ್ಕೋ ಗ್ಯಾಸಿಗೋ ಹೋಗಬೇಕಾದ ಮಾಲು, ನೀರು ತುಂಬಿದ್ದನ್ನು ಸುಟ್ಟು ಏನು ಸಿಗುತ್ತದೆ?

ಇಲ್ಲಿನವರಿಗೂ ಈಗ ದಾರಿ ಬದಲಿಸಬೇಕು ಅನಿಸಿದೆ. ಪಾನೀಯದ ಬಾಟಲಿ, ಕ್ಯಾನಿನ ಮೇಲೆ 10 ಸೆಂಟ್ ಠೇವಣಿ ಇಟ್ಟು, ವಾಪಸ್ ಕೊಟ್ಟರೆ ಆ ದುಡ್ಡು ಮರಳಿಸುವ ಯೋಜನೆಗೆ 2026ರ ಏಪ್ರಿಲ್ ಅಂತ ದಿನ ಗೊತ್ತುಮಾಡಿದರು. ಖಾಲಿ ಬಾಟಲಿಗೆ ಬೆಲೆ ಕೊಟ್ಟು ತಗೊಳ್ಳುವ ಕೆಲಸವನ್ನು ನಮ್ಮ ಗುಜರಿಯವರು ಯಾವ ಯೋಜನೆಯೂ ಇಲ್ಲದೆ ಮಾಡಿಕೊಂಡು ಬಂದಿದ್ದಾರೆ.